ಮುಂಭಾರ, ಹಿಂಭಾರ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಟ್ರೇಲರ್ ಎಂದರೆ ಟ್ರಾಕ್ಟರಿನ ಹಿಂದಿನ ಡಬ್ಬ. ಶೇಂಗಾ ಮೂಟೆ, ಮಣ್ಣು, ಕಲ್ಲು, ಮದುವೆ ದಿಬ್ಬಣ, ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಹೊರಟ ಇಡೀ ಕೇರಿ, ಎಲ್ಲವನ್ನೂ ಅದು ಹೊತ್ತಿದೆ. ಕಾರಿನ ಹಿಂದೆ ಪುಟ್ಟದೊಂದು ಟ್ರೇಲರ್ ಕಟ್ಟಿ, ಅದರ ಮೇಲೆ ಬೈಕು ನಿಲ್ಲಿಸಿಕೊಂಡು ಹೋಗುವುದನ್ನು ನಾವು ನೋಡಿದ್ದು ಇಂಗ್ಲಿಷ್ ಸಿನಿಮಾಗಳಲ್ಲಿ ಮಾತ್ರ. ಇಲ್ಲಿ ಒಂದು ಬೈಕು ಊರಿಂದೂರಿಗೆ ಹೋಗಬೇಕೆಂದರೆ ದಾರಿ ಮೂರು. ಓಡಿಸಿಕೊಂಡೇ ಹೋಗಬೇಕು, ರೈಲ್ವೆ ಪಾರ್ಸೆಲ್‌ಗೆ ಹಾಕಬೇಕು, ಇಲ್ಲವೇ ಒಂದು ಸಣ್ಣ ಲಗೇಜ್ ಗಾಡಿ ಮಾತಾಡಬೇಕು. 2005ರಲ್ಲಿ ಟಾಟಾ ಏಸ್ ಬಂದು 'ಚೋಟಾ ಹಾಥಿ' ಎಂದು ಹೆಸರಾದ ಮೇಲೆ ಈ ಮೂರನೆಯದೇ ರೂಢಿಯಾಗಿದೆ.

ನಾಲ್ಕನೆಯ ದಾರಿಯ ಮಾತು ತೆಗೆದವಳು ನನ್ನ ಅಕ್ಕ.

ಕುದಾಪುರಕ್ಕೆ ಹತ್ತಿರದ ಒಂದು ಹಳ್ಳಿ ನಮ್ಮದು. ಅಕ್ಕ ನಾಯಕನಹಟ್ಟಿ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರು. ಮೇಡಂ ಎಂದರೆ ಅವಳಿಗಾಗದು; ಮಕ್ಕಳೂ ಅವಳನ್ನು ಮೇಷ್ಟ್ರೇ ಅನ್ನುತ್ತವೆ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಅವಳಿಗೆ ಹನ್ನೊಂದು ವರ್ಷ. ಬಲಗಾಲು ಅಷ್ಟರಲ್ಲಾಗಲೇ ಸಣ್ಣದಾಗಿತ್ತು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ಸ್ಕೂಟರು ಕೊಂಡು, ಹಿಂದಿನ ಚಕ್ರದ ಎರಡೂ ಬದಿಗೆ ಸಣ್ಣ ಚಕ್ರ ಹಾಕಿಸಿ, ಅಂಗವಿಕಲರ ವಾಹನವೆಂದು ಆರ್‌ಸಿಯಲ್ಲಿ ಬರೆಸಿಕೊಂಡಳು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿರುಗುವವಳು ಅವಳೇ. ಚಳ್ಳಕೆರೆ ಸಂತೆ, ಮೊಳಕಾಲ್ಮೂರಿನ ಗೆಳತಿಯ ಮನೆ, ಬ್ರಹ್ಮಗಿರಿಯ ಅಶೋಕನ ಶಾಸನಕ್ಕೆ ಮಕ್ಕಳ ಪ್ರವಾಸ ಹೊರಟರೆ ಬಸ್ಸಿನ ಹಿಂದೆಯೇ ಅವಳ ಸ್ಕೂಟರು.

ಆಮೇಲೆ ಅವಳು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ.ಗೆ ಹೆಸರು ಹಚ್ಚಿದಳು. ಸಂಪರ್ಕ ತರಗತಿ, ಪರೀಕ್ಷೆ ಎಂದು ಮೈಸೂರಿಗೆ ಹೋಗಿಬರುವುದು ಶುರುವಾಯಿತು. ಜೊತೆಗೆ ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಚಿತ್ರದುರ್ಗ, ಆಗಾಗ ತರಬೇತಿ. ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಲು ನಾನಿದ್ದೆ, ಚಿಕ್ಕಪ್ಪನ ಮಗನಿದ್ದ. ಆದರೆ ಅಲ್ಲಿಗೆ ಮುಟ್ಟಿದ ಮೇಲೆ? ಕೋಣೆಯಿಂದ ತರಗತಿಗೆ, ತರಗತಿಯಿಂದ ಊಟಕ್ಕೆ, ಒಂದು ಪುಸ್ತಕದಂಗಡಿಗೆ ಹೋಗಬೇಕೆಂದರೆ ಯಾರನ್ನಾದರೂ ಕೇಳಬೇಕು, ಕಾಯಬೇಕು. ಬಾಡಿಗೆಗೆ ಸಿಗುವ ಸ್ಕೂಟರುಗಳಿಗೆ ಬದಿಯ ಚಕ್ರವಿರುವುದಿಲ್ಲ.

ಒಂದು ಸಲ ಅವಳು ಹೇಳಿದ ಮಾತು ಹೀಗಿತ್ತು: "ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗೋರು ಇದಾರೆ ಕಣೋ. ನನ್ನ ಗಾಡೀನ ಕರ್ಕೊಂಡು ಹೋಗೋರು ಯಾರೂ ಇಲ್ಲ."

ಟ್ರೇಲರ್ ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ಮೊದಲು ಉಳಿದ ದಾರಿಗಳನ್ನು ನ್ಯಾಯವಾಗಿ ತೂಗಿ ನೋಡಿದೆವು. ಚಳ್ಳಕೆರೆಗೆ ರೈಲುಂಟು, ಚಿಕ್ಕಜಾಜೂರಿನಿಂದ ರಾಯದುರ್ಗದ ಕಡೆಗೆ ಹೋಗುವ ಮಾರ್ಗ. ಆದರೆ ದ್ವಿಚಕ್ರ ವಾಹನ ಪಾರ್ಸೆಲ್ ಮಾಡಬೇಕೆಂದರೆ ದೊಡ್ಡ ನಿಲ್ದಾಣಕ್ಕೆ ಒಯ್ಯಬೇಕು, ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಗೋಣಿತಾಟು ಸುತ್ತಿಸಬೇಕು, ಬದಿಯ ಚಕ್ರ ಬಿಚ್ಚಿದರೆ ಅಲ್ಲಿ ಮತ್ತೆ ಕೂಡಿಸಲು ಆಳು ಹುಡುಕಬೇಕು. ಊರು ಬದಲಿಸುವವರಿಗೆ ಒಮ್ಮೆಗೆ ಇದು ಸರಿ. ಹತ್ತು ದಿನದ ತರಗತಿಗೆ ಹೋಗುವವಳಿಗಲ್ಲ. ಲಗೇಜ್ ಗಾಡಿ ಸುಲಭ. ಆದರೆ ಅದು ಬಿಟ್ಟು ಖಾಲಿ ಬರಬೇಕು, ಮತ್ತೆ ಕರೆತರಲು ಖಾಲಿ ಹೋಗಬೇಕು. ನಾಲ್ಕು ಓಡಾಟದ ಬಾಡಿಗೆ ನಮ್ಮದು. ಒಂದೇ ಸಲದ ಕೆಲಸವಾಗಿದ್ದರೆ ಕಣ್ಣುಮುಚ್ಚಿ ಅದನ್ನೇ ಮಾತಾಡುತ್ತಿದ್ದೆವು. ಓದುವವರಲ್ಲಿ ಯಾರಾದರೂ ಒಂದು ಬೈಕನ್ನು ಒಂದು ಸಲ ಸಾಗಿಸಬೇಕೆಂದಿದ್ದರೆ ನನ್ನ ಸಲಹೆಯೂ ಅದೇ. ವರ್ಷಕ್ಕೆ ಐದಾರು ಸಲ ಹೋಗಿಬರುವವರಿಗೆ ಮಾತ್ರ ಟ್ರೇಲರ್ ಲೆಕ್ಕಕ್ಕೆ ಬರುತ್ತದೆ.

ಕಾರಿನ ಹಿಂಬದಿಗೇ ತೂಗುಹಾಕುವ ಕ್ಯಾರಿಯರ್‌ಗಳೂ ಇವೆ. ಕಾರಿನ ಹಿಂದಿನ ಕೊಕ್ಕೆಗೆ ಒಂದು ಕಬ್ಬಿಣದ ತೊಟ್ಟಿಲು ಸಿಕ್ಕಿಸಿ, ಅದರಲ್ಲಿ ಬೈಕು ಅಡ್ಡಡ್ಡ ನಿಲ್ಲಿಸುವುದು. ಅಗ್ಗ, ಜಾಗವೂ ಬೇಡ. ಆದರೆ ಅದಕ್ಕೆ ತನ್ನದೇ ಚಕ್ರವಿಲ್ಲ. ಶೇಂಗಾ ಮಂಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದಾಗ ಅಕ್ಕನ ಸ್ಕೂಟರು 138 ಕೆ.ಜಿ. ತೂಗಿತು. ಅಷ್ಟೂ ಭಾರ ಕಾರಿನ ಹಿಂದಿನ ಅಚ್ಚಿಗಿಂತ ಆಚೆ ಜೋತುಬಿದ್ದರೆ ಏತದ ಹಾಗೆ ಕಾರಿನ ಮೂತಿ ಮೇಲೇಳುತ್ತದೆ. ಮುಂದಿನ ಚಕ್ರಗಳು ಹಗುರಾದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ. ಹಗುರ ಮೊಪೆಡ್ಡಿಗೆ, ದೊಡ್ಡ ಗಾಡಿಗೆ ಅದು ಸರಿ. ನಮಗೆ ಬೇಡವೆಂದು ಬಿಟ್ಟೆವು.

ಹಾಗೆ ಟ್ರೇಲರಿಗೇ ಬಂದು ನಿಂತ ಮೇಲೆ ನನಗೆ ಮತ್ತೆಮತ್ತೆ ನೆನಪಾದದ್ದು ಅಜ್ಜನ ಎತ್ತಿನಗಾಡಿ.

ಶೇಂಗಾ ಸುಗ್ಗಿಯಲ್ಲಿ ಅಜ್ಜ ಚಳ್ಳಕೆರೆ ಮಂಡಿಗೆ ಗಾಡಿ ಹೂಡುತ್ತಿದ್ದ. ಮೂಟೆ ಹೇರುವುದು ಆಳುಗಳ ಕೆಲಸ, ಎಲ್ಲಿ ಹೇರಬೇಕೆಂದು ಹೇಳುವುದು ಅವನ ಕೆಲಸ. ಎಲ್ಲ ಮುಗಿದ ಮೇಲೆ, ಎತ್ತು ಕಟ್ಟುವ ಮೊದಲು, ಮೂಕಿಯ ತುದಿ ಹಿಡಿದು ಒಂದೇ ಕೈಯಲ್ಲಿ ಮೇಲೆತ್ತುತ್ತಿದ್ದ. ತೀರಾ ಹಗುರವಾಗಿ ಎದ್ದುಬಂದರೆ "ಹಿಂಭಾರ ಆಗೈತೆ, ಒಂದು ಮೂಟೆ ಮುಂದಕ್ಕೆ ತಳ್ರಿ" ಅನ್ನುವನು. ಎತ್ತಲಾಗದಷ್ಟು ಕುಂತಿದ್ದರೆ "ಮುಂಭಾರ, ಎತ್ತಿನ ಕೊಳ್ಳು ಹೋಗ್ತೈತೆ" ಅನ್ನುವನು. ಹಿಂಭಾರವಾದ ಗಾಡಿ ಏರು ಹತ್ತುವಾಗ ಮೂಕಿ ಎತ್ತಿಬಿಡುತ್ತದೆ. ನೊಗ ಮೇಲೆದ್ದು ಜತ್ತಿಗೆ ಎತ್ತಿನ ಗಂಟಲು ಒತ್ತುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಎರಡರ ನಡುವೆ, ಕೊಂಚ ಮುಂದಕ್ಕೆ ವಾಲಿದ ಒಂದು ತೂಕ ಎತ್ತಿನ ಹೆಗಲ ಮೇಲೆ ಇರಲೇಬೇಕು. ಇದನ್ನು ಅಜ್ಜ ಯಾವ ಶಾಲೆಯಲ್ಲೂ ಕಲಿತಿರಲಿಲ್ಲ.

ಕಾರಿನ ಟ್ರೇಲರಿನ ವಿಜ್ಞಾನವೂ ಇಷ್ಟೇ. ಒಂದು ಅಚ್ಚು, ಎರಡು ಚಕ್ರ, ಮುಂದೊಂದು ಮೂಕಿ, ಎತ್ತಿನ ಜಾಗದಲ್ಲಿ ಕಾರು. ಮೂಕಿಯ ತುದಿ ಕಾರಿನ ಕೊಕ್ಕೆಯ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದು ಎಲ್ಲಕ್ಕಿಂತ ಮುಖ್ಯ. ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡ 5ರಿಂದ 7ರಷ್ಟು ಇರಲಿ ಎಂದು ಬ್ರಿಟನ್ನಿನವರು ಹೇಳುತ್ತಾರೆ. ಅಮೆರಿಕದವರು ಶೇಕಡ 10ರಿಂದ 15 ಎನ್ನುತ್ತಾರೆ. ಅದಕ್ಕಿಂತ ಬಹಳ ಕಡಿಮೆಯಾದರೆ ಎತ್ತಿನಗಾಡಿಯಲ್ಲಿ ಕಾಣದ ಒಂದು ಅಪಾಯ ಕಾರಿಗೆ ಕಾದಿರುತ್ತದೆ. ವೇಗ ಹೆಚ್ಚಿದಂತೆ ಟ್ರೇಲರ್ ಬಾಲದ ಹಾಗೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಒಂದು ಲಾರಿ ಪಕ್ಕದಲ್ಲಿ ಹಾದುಹೋದ ಗಾಳಿ, ಒಂದು ಗುಂಡಿ, ಅಷ್ಟು ಸಾಕು. ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಕಾರಿನ ಹಿಂಭಾಗವನ್ನೇ ಎಳೆದಾಡಿ ಕೊನೆಗೆ ಅಡ್ಡ ತಿರುಗಿಸುತ್ತದೆ. ಆಗ ವೇಗ ಹೆಚ್ಚಿಸಿ ನೇರ ಮಾಡಲು ಹೋಗಬಾರದು. ಸ್ಟಿಯರಿಂಗ್ ನೇರ ಹಿಡಿದು ಮೆಲ್ಲಗೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಎತ್ತು ನಿಧಾನವಾಗಿ ನಡೆಯುವುದರಿಂದ ಅಜ್ಜನಿಗೆ ಈ ಕಷ್ಟ ಇರಲಿಲ್ಲ.

ನಾವು ಕೊನೆಗೆ ಆರಿಸಿದ ಟ್ರೇಲರಿನ ಲೆಕ್ಕವನ್ನೇ ಹೇಳುತ್ತೇನೆ. ಅದರ ಸ್ವಂತ ತೂಕ 170 ಕೆ.ಜಿ., ಸ್ಕೂಟರು ಸೇರಿ 308. ಕೊಕ್ಕೆಯಿಂದ ಅಚ್ಚಿಗೆ 2.2 ಮೀಟರ್. ಖಾಲಿ ಇದ್ದಾಗ ಮೂಕಿಯ ತುದಿಯನ್ನು ಮನೆಯ ತೂಕದ ಯಂತ್ರದ ಮೇಲಿಟ್ಟರೆ 10 ಕೆ.ಜಿ. ತೋರಿಸುತ್ತದೆ. ಸ್ಕೂಟರಿನ ಭಾರದ ಮಧ್ಯ ಅಚ್ಚಿಗಿಂತ ಒಂದು ಗೇಣು, ಅಂದರೆ ಸುಮಾರು 22 ಸೆಂಟಿಮೀಟರ್ ಮುಂದಿದ್ದರೆ ಮೂಕಿಗೆ ಇನ್ನೂ 14 ಕೆ.ಜಿ. ಕೂಡಿ 24 ಆಗುತ್ತದೆ. ಶೇಕಡ 8ರ ಹತ್ತಿರ, ಬೇಕಾದಷ್ಟೇ. ಅದೇ ಸ್ಕೂಟರು ಅಚ್ಚಿಗಿಂತ ಒಂದು ಗೇಣು ಹಿಂದಿದ್ದರೆ? ಹತ್ತರಲ್ಲಿ ಹದಿನಾಲ್ಕು ಕಳೆಯಬೇಕು, ಮೂಕಿಯೇ ಎತ್ತುತ್ತದೆ. ಒಳ್ಳೆಯ ಟ್ರೇಲರಿಗೂ ಕೆಟ್ಟ ಟ್ರೇಲರಿಗೂ ನಡುವೆ ಎರಡು ಗೇಣಿನ ವ್ಯತ್ಯಾಸ. ಇಲ್ಲೊಂದು ಸೂಕ್ಷ್ಮವಿದೆ. ಮೋಟಾರ್ ಸೈಕಲ್ಲಿನ ಎಂಜಿನ್ ನಡುವೆ ಇರುವುದರಿಂದ ಭಾರ ಹೆಚ್ಚುಕಡಿಮೆ ನಡುವೆಯೇ ಇರುತ್ತದೆ. ಸ್ಕೂಟರಿನ ಎಂಜಿನ್ ಹಿಂದೆ. ಅಕ್ಕನದಕ್ಕೆ ಬದಿಯ ಚಕ್ರಗಳ ಭಾರವೂ ಹಿಂದೆಯೇ. ನೋಡಲು ನಡುವೆ ನಿಂತಂತಿದ್ದರೂ ಅದು ಹಿಂಭಾರವೇ. ಹಾಗಾಗಿ ಮುಂದಿನ ಚಕ್ರಕ್ಕೆ ತಡೆ ಕೊಡುವ ಕಬ್ಬಿಣದ ಬಾಯಿಯನ್ನು ಹಿಂದೆಮುಂದೆ ಜರುಗಿಸುವಂತಿರಬೇಕು ಎಂದು ಕೇಳಿದೆವು.

ಎಳೆಯುವವನ ಲೆಕ್ಕ ಇನ್ನೊಂದು. ಚಿಕ್ಕಪ್ಪನ ಮಗನದು ಸಣ್ಣ ಪೆಟ್ರೋಲ್ ಕಾರು, ನನ್ನದು ಹಳೆಯ ಬೊಲೆರೊ. ಸಣ್ಣ ಕಾರಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ, ತಗಡಿನ ಮೈಯೇ ಅದರ ಬೆನ್ನೆಲುಬು. ಕೊಕ್ಕೆಯನ್ನು ಕೂರಿಸಲು ತಯಾರಕರು ಜಾಗ ಹೇಳಿರಬೇಕು. ಎಷ್ಟೋ ಸಣ್ಣ ಕಾರುಗಳ ಕೈಪಿಡಿಯಲ್ಲಿ ಟ್ರೇಲರ್ ಎಳೆಯಬೇಡಿ ಎಂದೇ ಬರೆದಿರುತ್ತದೆ. ಹಾಗೆ ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಬೊಲೆರೊಗೆ ಏಣಿಯಂಥ ಚಾಸಿ ಇದೆ, ಕೊಕ್ಕೆಯ ಬೋಲ್ಟು ಅದಕ್ಕೇ ಬೀಳುತ್ತದೆ. ಬ್ರೇಕಿಲ್ಲದ ಟ್ರೇಲರಿನ ತೂಕ ಕಾರಿನ ತೂಕದ ಅರ್ಧವನ್ನೂ 750 ಕೆ.ಜಿ.ಯನ್ನೂ ಮೀರಬಾರದು ಎಂಬುದು ಯುರೋಪಿನ ನಿಯಮ. ನಮ್ಮ ಲೆಕ್ಕಕ್ಕೂ ಒಳ್ಳೆಯ ಅಳತೆ. 308 ಕೆ.ಜಿ.ಯನ್ನು ಬೊಲೆರೊ ಲೆಕ್ಕಕ್ಕಿಡುವುದಿಲ್ಲ. ಆದರೂ ಬ್ರೇಕ್ ಹಿಡಿದಾಗ ಹಿಂದಿನಿಂದ ಒಂದು ಕೈ ತಳ್ಳಿದ ಹಾಗಾಗುತ್ತದೆ. ಮುಂದಿನ ವಾಹನಕ್ಕೂ ನಮಗೂ ಎಂದಿನ ಎರಡರಷ್ಟು ಅಂತರ ಬಿಡುವುದು ಈಗ ನನಗೆ ಅಭ್ಯಾಸವಾಗಿದೆ.

ಚಳ್ಳಕೆರೆಯಲ್ಲಿ ಟ್ರಾಕ್ಟರ್ ಡಬ್ಬ ಕಟ್ಟುವ ಒಂದು ಶೆಡ್ಡಿನವರನ್ನು ಕೇಳಿದೆವು. "ಅದಕ್ಕೇನ್ ಸಾರ್, ಎರಡು ಟನ್ ತಡೆಯೋ ಹಂಗೆ ಕಟ್ಟಿಕೊಡ್ತೀನಿ, ಮೊಮ್ಮಕ್ಕಳ ಕಾಲಕ್ಕೂ ಇರ್ತೈತೆ" ಎಂದರು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಎರಡು ಟನ್ನಿಗೆ ಹಾಕಿದ ಪಟ್ಟಿ ಸ್ಪ್ರಿಂಗು 138 ಕೆ.ಜಿ.ಗೆ ಬಾಗುವುದೇ ಇಲ್ಲ. ಪ್ರತಿ ಹಂಪಿನಲ್ಲೂ ಟ್ರೇಲರ್ ಪುಟಿಯುತ್ತದೆ, ಮೇಲಿನ ವಾಹನ ಬೆಲ್ಟುಗಳನ್ನು ಜಗ್ಗುತ್ತದೆ. ನಮ್ಮ ರಸ್ತೆಗಳಲ್ಲಿ ಊರಿಗೊಂದೆರಡು ಹಂಪಿಲ್ಲದೆ ಊರೇ ಇಲ್ಲ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯದು. ಹೊರುವ ಭಾರಕ್ಕೆ ಹೊಂದುವ ಸ್ಪ್ರಿಂಗು ಬೇಕು.

ಚಕ್ರದ ವಿಚಾರವೂ ಹಾಗೇ. ಹತ್ತು ಇಂಚಿನ ಪುಟ್ಟ ಚಕ್ರ ಹಾಕಿದರೆ ಟ್ರೇಲರಿನ ನೆಲ ತಗ್ಗಾಗುತ್ತದೆ, ಹತ್ತಿಸುವುದು ಸುಲಭ. ಆದರೆ ಅದು ಗುಂಡಿಯಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಿ ಬೇರಿಂಗ್ ಬಿಸಿಯಾಗುತ್ತದೆ, ದಾರಿಯಲ್ಲಿ ಪಂಕ್ಚರಾದರೆ ಆ ಅಳತೆಯ ಟೈರು ಹುಲಿಯಾರಿನಲ್ಲಿ ಸಿಗುತ್ತದೆಯೇ? ಯಾವ ಊರಿನಲ್ಲಾದರೂ ಸಿಗುವ ಕಾರಿನ ಟೈರನ್ನೇ ಆರಿಸಿದೆವು.

ಕಾನೂನಿನಲ್ಲಿ ಒಂದು ತಮಾಷೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 2ನೆಯ ಸೆಕ್ಷನ್ನಿನಲ್ಲಿ 'ಮೋಟಾರು ವಾಹನ' ಎಂದರೇನು ಎಂದು ಹೇಳುವಾಗ ಅದರೊಳಗೆ ಟ್ರೇಲರನ್ನೂ ಸೇರಿಸಿದ್ದಾರೆ. ಮೋಟಾರೇ ಇಲ್ಲದ ಮೋಟಾರು ವಾಹನ! ತಮಾಷೆಯ ಹಿಂದೆ ಅರ್ಥವಿದೆ: ಅದಕ್ಕೂ ನೋಂದಣಿ ಬೇಕು. 61ನೆಯ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಟ್ರೇಲರಿನ ಸ್ವಂತ ಸಂಖ್ಯೆ ಅದರ ಬದಿಯಲ್ಲಿರಬೇಕು, ಎಳೆಯುವ ವಾಹನದ ಸಂಖ್ಯೆ ಅದರ ಹಿಂದೆ ಕಾಣಬೇಕು. ಹಾಗಾಗಿ ನೋಂದಣಿಗೆ ಬೇಕಾದ ಕಾಗದ ಪತ್ರ ಕೊಡಲಾಗದವರಿಂದ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಟ್ರೇಲರ್ ಕೊಳ್ಳುವುದು ಬೇಡ. ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಯಾವ ಕಾಗದ ಬೇಕೆಂದು ಕೇಳಿ ಬರೆದುಕೊಂಡು ಬರುವುದು ಒಳ್ಳೆಯದು, ವಿಮೆಯವರಿಗೂ ಮೊದಲೇ ತಿಳಿಸಬೇಕು. ಹಿಂದಿನ ದೀಪ, ಇಂಡಿಕೇಟರು, ಬ್ರೇಕ್ ದೀಪ ಕಾರಿನ ಜೊತೆಗೇ ಉರಿಯಬೇಕು. ರಾತ್ರಿ ಹೊತ್ತು ದೀಪವಿಲ್ಲದೆ ರಸ್ತೆ ಬದಿ ನಿಂತ ಟ್ರಾಕ್ಟರ್ ಡಬ್ಬಗಳಿಗೆ ಬಡಿದು ಸತ್ತವರ ಸುದ್ದಿ ಓದದ ಜಿಲ್ಲೆ ನಮ್ಮಲ್ಲಿ ಯಾವುದಿದೆ?

ಟ್ರೇಲರುಗಳಲ್ಲಿ ಬಗೆಗಳಿವೆ. ಒಂದು ಬೈಕಿಗೆ ಒಂದು ಕಾಲುವೆಯಂಥ ಹಳಿ ಇರುವುದು ಎಲ್ಲಕ್ಕಿಂತ ಹಗುರ. ಬರೀ ಮೋಟಾರ್ ಸೈಕಲ್ಲಿಗೆ ಅದೇ ಚೆಂದ. ಮೂರು ಹಳಿಗಳದ್ದಾದರೆ ಒಂದನ್ನು ನಡುವೆ ಇಲ್ಲವೇ ಎರಡನ್ನು ಬದಿಗಳಲ್ಲಿ ನಿಲ್ಲಿಸಬಹುದು. ಮಡಚಿ ಗೋಡೆಗೆ ಆನಿಸಿಡುವಂಥವೂ ಇವೆ, ನಗರದ ಮನೆಯವರಿಗೆ ಅನುಕೂಲ. ಪೂರ್ತಿ ನೆಲ ಇರುವ ಚಪ್ಪಟೆ ಟ್ರೇಲರ್ ಭಾರ ಹೆಚ್ಚು, ಆದರೆ ಏನನ್ನು ಬೇಕಾದರೂ ಹೇರಬಹುದು. ಹತ್ತಿಸುವುದಕ್ಕೂ ಎರಡು ದಾರಿ: ಪ್ರತ್ಯೇಕ ಹಲಗೆ ಇಟ್ಟು ಹತ್ತಿಸುವುದು, ಅಥವಾ ಇಡೀ ನೆಲವೇ ಹಿಂದಕ್ಕೆ ವಾಲಿ ಮಣ್ಣು ಮುಟ್ಟುವುದು. ಹಲಗೆಯಾದರೆ ಉದ್ದ ಮುಖ್ಯ. ಅರ್ಧ ಮೀಟರ್ ಎತ್ತರಕ್ಕೆ ಎರಡು ಮೀಟರ್ ಹಲಗೆ ಇಟ್ಟರೆ ಇಳಿಜಾರು ಹದಿನಾಲ್ಕು ಹದಿನೈದು ಡಿಗ್ರಿ. ಅದಕ್ಕಿಂತ ಗಿಡ್ಡ ಹಲಗೆಯಲ್ಲಿ ಬೈಕು ತಳ್ಳಲು ಮೂವರು ಬೇಕು.

ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿ ಕಂಬಸಾಲು ಮಾಡಿ ಬರೆದು ಅಕ್ಕನ ಮುಂದಿಟ್ಟೆ. ತೂಕ, ಬೆಲೆ, ಚಕ್ರ, ಸ್ಪ್ರಿಂಗು. ಅವಳು ಓದಿ, ಪೆನ್ನು ತೆಗೆದುಕೊಂಡು, ಕೊನೆಯಲ್ಲಿ ಇನ್ನೊಂದು ಸಾಲು ಎಳೆದು ತಲೆಬರಹ ಕೊಟ್ಟಳು: 'ನಾನೊಬ್ಬಳೇ ಹತ್ತಿಸಿ ಇಳಿಸಬಹುದಾ?'

ಆ ಒಂದು ಪ್ರಶ್ನೆಗೆ ನನ್ನ ಪಟ್ಟಿಯ ಮುಕ್ಕಾಲು ಪಾಲು ಉದುರಿಹೋಯಿತು. ಹಳಿಯ ಟ್ರೇಲರಿನಲ್ಲಿ ಮೂರು ಸಾಲಿನ ಚಕ್ರ ಕೂರುವುದಿಲ್ಲ. ಹಲಗೆ ಎತ್ತಿ ಇಡಲು ಇಬ್ಬರು ಬೇಕು. ಉಳಿದದ್ದು ಒಂದೇ: ನಾಲ್ಕು ಅಡಿ ಅಗಲದ, ಪೂರ್ತಿ ನೆಲದ, ಹಿಂದಕ್ಕೆ ವಾಲುವ ಟ್ರೇಲರ್, ಮುಂಭಾಗದಲ್ಲಿ ಒಂದು ಕೈರಾಟೆ. ರಾಟೆಯ ಹಗ್ಗವನ್ನು ಸ್ಕೂಟರಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸುತ್ತಾ ಹೋದರೆ ಅದು ಒಂದೊಂದೇ ಹಲ್ಲು ಹತ್ತುತ್ತದೆ, ಕೈ ಬಿಟ್ಟರೂ ಹಿಂದಕ್ಕೆ ಜಾರುವುದಿಲ್ಲ. ಒಂದು ಸ್ಟೂಲಿನ ಮೇಲೆ ಕುಳಿತು ಮಾಡಬಹುದಾದ ಕೆಲಸ. ಬೆಲೆ ನನ್ನ ಅಂದಾಜಿಗಿಂತ ಹೆಚ್ಚಾಯಿತು. ಆ ಹೆಚ್ಚಿನದನ್ನು ಅವಳೇ ಕೊಟ್ಟಳು.

ಇಷ್ಟೆಲ್ಲ ನಡೆದದ್ದು ಎಳೆಯುವ ದನಗಳಿಗೆಂದೇ ಮೀಸಲಾಗಿದ್ದ ನೆಲದಲ್ಲಿ ಎಂಬುದು ನನ್ನನ್ನು ಆಗಾಗ ಯೋಚನೆಗೆ ಹಚ್ಚುತ್ತದೆ. ಕುದಾಪುರದ ಹುಲ್ಲುಗಾವಲು ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಆಯಿತು. ಆ ತಳಿಯ ಎತ್ತುಗಳು ಸೈನ್ಯದ ತೋಪು, ಸರಂಜಾಮುಗಳನ್ನು ಎಳೆದವು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಬರೆಯುತ್ತವೆ. ಇದೇ ಸೀಮೆಯಲ್ಲಿ ಮ್ಯಾಸಬೇಡರ ದೇವರ ಎತ್ತುಗಳೂ ಇವೆ. ಕಿಲಾರಿಗಳು ಕಾಯುವ ಆ ಎತ್ತುಗಳ ಹೆಗಲಿಗೆ ಹುಟ್ಟಿನಿಂದ ಸಾಯುವವರೆಗೆ ನೊಗ ಇಡುವುದಿಲ್ಲ. ಎಳೆಯಲೆಂದೇ ಹುಟ್ಟಿದ ದನ, ಎಂದೂ ಎಳೆಯದ ದನ, ಎರಡೂ ಒಂದೇ ಸೀಮೆಯ ಹುಲ್ಲು ಮೇದವು.

ಆ ಕಾವಲುಗಳ ಬಹುಪಾಲಿಗೆ ಈಗ ಗೋಡೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1500 ಎಕರೆ, ಡಿಆರ್‌ಡಿಒಗೆ ಅದಕ್ಕೂ ಹೆಚ್ಚು, ಇಸ್ರೋ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಬೇರೆ. ದನ ಕುರಿ ಮೇಯಿಸುತ್ತಿದ್ದವರು ಗೋಡೆಯ ವಿರುದ್ಧ ಹೋರಾಡಿದರು, ವಿಷಯ ಹಸಿರು ನ್ಯಾಯಪೀಠದವರೆಗೆ ಹೋಯಿತು. ವಿಜ್ಞಾನ ಬೇಡವೆಂದು ನಮ್ಮೂರಿನಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಕ್ಕನ ಶಾಲೆಯ ಮಕ್ಕಳು ಆ ಗೋಡೆಯೊಳಗೆ ಒಂದು ದಿನ ಕೆಲಸ ಮಾಡುವ ಕನಸು ಕಾಣುತ್ತವೆ. ಭಾರ ಎಲ್ಲಿ ಕೂರುತ್ತದೆ ಎಂದು ಮೊದಲೇ ಮೂಕಿ ಎತ್ತಿ ನೋಡಬೇಕಿತ್ತು ಎನ್ನುವುದಷ್ಟೇ ಕುರಿ ಕಾಯುವವರ ತಕರಾರು ಎಂದು ನನಗೆ ಅನ್ನಿಸುತ್ತದೆ.

ಭಾರ ಎಂಬ ಮಾತು ನಮ್ಮ ಮನೆಗೆ ಹೊಸದಲ್ಲ. ಅಕ್ಕ ಸಣ್ಣವಳಿದ್ದಾಗ ನೆಂಟರು ಅವ್ವನ ಮುಂದೆ "ನಿನಗೊಂದು ಭಾರ ಆಯ್ತಲ್ಲ" ಎಂದು ನಿಟ್ಟುಸಿರು ಬಿಟ್ಟು ಹೋಗುವುದು ಅವಳ ಕಿವಿಗೂ ಬೀಳುತ್ತಿತ್ತು. ಟ್ರೇಲರ್ ಬಂದ ದಿನ ಅಂಥದೇ ಒಬ್ಬರು ಹಿರಿಯರು ಸುತ್ತ ನೋಡಿ, "ಪಾಪ, ತಮ್ಮ ಅಂದ್ರೆ ಹಿಂಗಿರಬೇಕು, ಅಕ್ಕನ ಭಾರ ಎಷ್ಟು ದೂರ ಆದ್ರೂ ಎಳೀತಾನೆ" ಎಂದರು. ಅಕ್ಕ ಬೆಲ್ಟು ಬಿಗಿಯುತ್ತಿದ್ದವಳು ತಲೆ ಎತ್ತದೆಯೇ, "ಭಾರ ಗಾಡೀದು ಕಣಜ್ಜ, 138 ಕೆಜಿ. ನಾನು ಮುಂದಿನ ಸೀಟ್‌ನಲ್ಲಿ ಕುಂತಿರ್ತೀನಿ" ಎಂದಳು.

ಕಟ್ಟುವುದನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ಸ್ಟ್ಯಾಂಡು ಹಾಕಿ ನಿಲ್ಲಿಸಿ ಒಂದು ಹಗ್ಗ ಸುತ್ತಿದರೆ ಆಗದು. ನಾಲ್ಕು ಮೂಲೆಗೆ ನಾಲ್ಕು ರ‍್ಯಾಚೆಟ್ ಬೆಲ್ಟು, ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಜಗ್ಗಬೇಕು. ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗುವವರೆಗೆ ಬಿಗಿಯಬೇಕು. ಪೂರ್ತಿ ಕುಗ್ಗಿಸಿದರೆ ಎಣ್ಣೆಯ ಸೀಲು ಕೆಡುತ್ತದೆ, ಸಡಿಲ ಬಿಟ್ಟರೆ ಹಂಪಿನಲ್ಲಿ ಬೆಲ್ಟಿನ ಕೊಕ್ಕೆ ಕಳಚುತ್ತದೆ. ಪ್ಲಾಸ್ಟಿಕ್ ಭಾಗಕ್ಕೂ ಕನ್ನಡಿಗೂ ಬೆಲ್ಟು ಹಾಕಬಾರದು. ಮೋಟಾರ್ ಸೈಕಲ್ಲಾದರೆ ಗೇರಿನಲ್ಲಿ ನಿಲ್ಲಿಸಬೇಕು. ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯ ಹಾಗೆ ಅಡ್ಡ ಹಾಕಿ ಕಾರಿಗೆ ಸಿಕ್ಕಿಸಬೇಕು. ಕೊಕ್ಕೆ ಕಳಚಿಕೊಂಡರೂ ಮೂಕಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ಕೂರುತ್ತದೆ. ಹೊರಟು ಇಪ್ಪತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಎಲ್ಲ ಬೆಲ್ಟುಗಳನ್ನು ಮುಟ್ಟಿ ನೋಡಬೇಕು. ಮೊದಲ ಇಪ್ಪತ್ತು ಕಿಲೋಮೀಟರಿನಲ್ಲೇ ಅವು ಸಡಿಲಾಗುವುದು.

ಹಿಂದಕ್ಕೆ ತೆಗೆಯುವುದನ್ನು ಮಾತ್ರ ಖಾಲಿ ಬಯಲಿನಲ್ಲಿ ಕಲಿಯಬೇಕು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಸ್ಟಿಯರಿಂಗಿನ ಕೆಳತುದಿ ಹಿಡಿದುಕೊಂಡು, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದರೆ ಸಾಕು. ಸ್ವಲ್ಪ ಸ್ವಲ್ಪವೇ, ಅವಸರವಿಲ್ಲದೆ.

ಚಳ್ಳಕೆರೆಯಿಂದ ಮೈಸೂರಿಗೆ ಹೆದ್ದಾರಿ 150ಎ ಹಿಡಿದರೆ ಬೆಂಗಳೂರಿನ ಗೊಡವೆ ಇಲ್ಲ. ಹಿರಿಯೂರು, ಹುಲಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ. ನಮ್ಮ ಮನೆಯಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಅರವತ್ತರ ಮೇಲೆ ಮುಳ್ಳು ಏರದಂತೆ ನೋಡಿಕೊಂಡು ಹೊರಟೆವು. ಹಿಂದೆ ಬಂದವರು ಹಾರ್ನ್ ಹಾಕಿ ಮುಂದೆ ಹೋದರು, ಹೋಗುತ್ತಾ ಕತ್ತು ತಿರುಗಿಸಿ ನೋಡಿದರು. ಹುಲಿಯಾರಿನಲ್ಲಿ ಚಹಾ ಕುಡಿಯಲು ನಿಂತಾಗ ಹುಡುಗರು ಸುತ್ತುವರಿದು ಬೆಲೆ ಕೇಳಿದರು. ಒಬ್ಬ ಮುದುಕರು ಮಾತ್ರ ಏನೂ ಕೇಳದೆ ಹಿಂದಕ್ಕೂ ಮುಂದಕ್ಕೂ ಬಗ್ಗಿ ನೋಡಿ, ಮೂಕಿಯ ಮೇಲೆ ಕೈಯಿಟ್ಟು ಒತ್ತಿ, "ಮುಂಭಾರ ಸರಿಯಾಗೈತೆ" ಎಂದು ಹೊರಟುಹೋದರು.

ಮೈಸೂರಿನಲ್ಲಿ ಅಕ್ಕ ಸ್ಟೂಲು ಹಾಕಿ ಕುಳಿತು, ರಾಟೆ ಬಿಡುತ್ತಾ ಬಿಡುತ್ತಾ ಸ್ಕೂಟರನ್ನು ನೆಲಕ್ಕಿಳಿಸಿದಳು. ನಾನು ಕೈ ಹಚ್ಚಬಾರದೆಂದು ಮೊದಲೇ ಹೇಳಿದ್ದಳು. ಹನ್ನೆರಡು ನಿಮಿಷ ಹಿಡಿಯಿತು. ಖಾಲಿ ಟ್ರೇಲರ್ ಎಳೆದುಕೊಂಡು ನಾನು ಮರುದಿನ ಊರಿನ ಕಡೆ ಹೊರಟೆ. ನಾಗಮಂಗಲ ದಾಟುವಷ್ಟರಲ್ಲಿ ಅವಳ ಫೋನು ಬಂತು. ತರಗತಿ ಬೇಗ ಮುಗಿಯಿತಂತೆ.

"ಈಗೆಲ್ಲಿದೀಯ?" ಎಂದೆ.

"ಕುಕ್ಕರಹಳ್ಳಿ ಕೆರೆ ಹತ್ರ. ಸುಮ್ನೆ ಬಂದೆ."

"ಯಾರ ಜೊತೆ?"

"ಯಾರ ಜೊತೇನೂ ಇಲ್ಲ ಕಣೋ" ಎಂದಳು. ಹಿಂದೆ ಹಕ್ಕಿಗಳ ಗದ್ದಲ ಕೇಳಿಸುತ್ತಿತ್ತು.